ಕೊಪ್ಪಳ ಸೀಮೆಯ ನೆಲ, ನೀರು, ಊಟ

ಪ್ರತಿ ವರ್ಷ ಜನವರಿಯ ಸುಮಾರಿಗೆ ಕೊಪ್ಪಳದ ಗವಿಮಠದಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ಜಾತ್ರೆಯ ದಿನ ಹತ್ತಿರ ಬಂದಂತೆ ಸುತ್ತಣ ಹಳ್ಳಿಗಳಿಂದ ಜೋಳದ ರೊಟ್ಟಿಗಳು ಬರತೊಡಗುತ್ತವೆ. ಚಕ್ಕಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ, ತಲೆಯ ಮೇಲಿನ ಬುಟ್ಟಿಗಳಲ್ಲಿ ಬಂದ ಈ ರೊಟ್ಟಿಗಳು ಲಕ್ಷಗಳ ಲೆಕ್ಕದಲ್ಲಿ ಕೂಡಿ ದಾಸೋಹದ ಮನೆಯಲ್ಲಿ ಗೋಡೆಯೆತ್ತರ ರಾಶಿಯಾಗುತ್ತವೆ. ಅಲ್ಲಿಂದ ಮುಂದೆ ಎರಡು ವಾರಗಳ ಕಾಲ ಬಂದವರೆಲ್ಲರ ಎಲೆಗೂ ಅವು ಬೀಳುತ್ತವೆ. ಅಷ್ಟು ದಿನವೂ ಅವು ಹಳಸುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಮುರಿದರೆ ಹಪ್ಪಳದಂತೆ ಸದ್ದು ಮಾಡುತ್ತವೆ.

ಇದೇ ಕೊಪ್ಪಳದಿಂದ ಮೂಡಲಿಗೆ ಒಂದು ಗಂಟೆ ಪಯಣ ಮಾಡಿ ಗಂಗಾವತಿಯನ್ನು ಸೇರಿದರೆ ನೋಟವೇ ಬೇರೆ. ಕಣ್ಣು ಹರಿಯುವಷ್ಟು ದೂರ ನೀರು ನಿಂತ ಗದ್ದೆಗಳು. ದಾರಿಯ ಇಕ್ಕೆಲಗಳಲ್ಲೂ ಅಕ್ಕಿಯ ಗಿರಣಿಗಳು. ಖಾನಾವಳಿಯಲ್ಲಿ ಕೇಳದೆಯೇ ಬಡಿಸುವುದು ಅನ್ನ. ಬಡಗಲಿಗೆ ಕುಷ್ಟಗಿಯ ಕಡೆಗೋ ಪಡುವಲಿಗೆ ಯಲಬುರ್ಗಿಯ ಕಡೆಗೋ ತಿರುಗಿದರೆ ಮತ್ತೆ ಜೋಳ, ಸಜ್ಜೆ, ಕಡಲೆ, ಹೆಸರು. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಈ ಚಿಕ್ಕ ಜಿಲ್ಲೆಯಲ್ಲಿ ಇಂಥ ಎರಡು ಊಟಗಳು ಏಕೆ ಉಂಟಾದವು?

ಇಟಲಿಯಂಥ ದೇಶಗಳಲ್ಲಿ ಒಂದೊಂದು ಸೀಮೆಯನ್ನು ಅಲ್ಲಿನ ಬೆಟ್ಟ, ರೊಟ್ಟಿ, ದ್ರಾಕ್ಷಾರಸಗಳ ಮೂಲಕ ಅರಿಯುವ ರೂಢಿಯುಂಟು. ಈ ಗುಡ್ಡದ ಮಣ್ಣಿನಿಂದ ಈ ರುಚಿ ಎಂದು ಅಲ್ಲಿಯವರು ಹೆಮ್ಮೆಯಿಂದ ತೋರಿಸುತ್ತಾರೆ. ನಮ್ಮ ಸೀಮೆಗಳನ್ನೂ ಹಾಗೆಯೇ ಓದಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ತಟ್ಟೆಯನ್ನು ಎದುರಿಗಿಟ್ಟುಕೊಂಡು ಅದರಲ್ಲಿರುವ ಒಂದೊಂದು ತುತ್ತೂ ಎಲ್ಲಿಂದ ಬಂದಿತೆಂದು ವಿಚಾರಿಸಿ ನೋಡೋಣ.

ಬಂಡೆಗಳ ನಾಡು

ಆನೆಗೊಂದಿಯ ಸುತ್ತ ನಿಂತು ನೋಡಿದವರಿಗೆ ಮೊದಲು ತೋರುವುದು ಬಂಡೆ. ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತಿವೆ. ಕೈಯಿಂದ ನೂಕಿದರೆ ಉರುಳುವುವೋ ಎಂಬಂತಿವೆ. ಕಿಷ್ಕಿಂಧೆಯ ಕಪಿಗಳು ಎಸೆದಾಡಿ ಬಿಟ್ಟ ಕಲ್ಲುಗಳಿವು ಎಂದು ಜನ ಹೇಳುವುದು ಸಹಜವೇ. ಭೂವಿಜ್ಞಾನಿಗಳ ಉತ್ತರವೂ ಅದಕ್ಕಿಂತ ಕಡಮೆ ಸೋಜಿಗದ್ದಲ್ಲ.

ರಾಮನಗರದಿಂದ ಹೊರಟು ಬಡಗಲಿಗೆ ಸುಮಾರು 400 ಕಿಲೋಮೀಟರುಗಳಷ್ಟು ಹಬ್ಬಿರುವ ಒಂದು ಕಣಶಿಲೆಯ ಪಟ್ಟಿಯುಂಟು. ರಾಮನಗರದ ಹಳೆಯ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಗ್ರಾನೈಟು ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ್ದ ಶಿಲಾದ್ರವವು ಮೇಲಕ್ಕೆ ನುಗ್ಗಿ, ಮೇಲ್ಮೈಯನ್ನು ಮುಟ್ಟುವ ಮೊದಲೇ ನಿಧಾನವಾಗಿ ಆರಿ ಗಟ್ಟಿಯಾಯಿತು. ಮೇಲಿನ ಪದರಗಳು ಸವೆದುಹೋದಂತೆಲ್ಲ ಒಳಗಿನ ಶಿಲೆಯ ಮೇಲಿನ ಭಾರ ಇಳಿಯಿತು. ಶಿಲೆ ಹಿಗ್ಗಿ ಅಡ್ಡಕ್ಕೂ ಉದ್ದಕ್ಕೂ ಬಿರುಕುಬಿಟ್ಟಿತು. ಬಿರುಕುಗಳಲ್ಲಿ ನೀರು ಇಳಿಯಿತು. ಚೌಕವಾದ ತುಂಡಿನ ಮೂಲೆಗಳಿಗೆ ನೀರು ಮೂರು ಕಡೆಯಿಂದ ತಗಲುವುದರಿಂದ ಮೂಲೆಗಳು ಬೇಗ ಕೊಳೆತು ಮಣ್ಣಾದುವು. ನಡುವಣ ಭಾಗ ಗುಂಡಾಗಿ ಉಳಿಯಿತು. ಮುಂದೆ ಮಳೆಯು ಆ ಮಣ್ಣನ್ನು ಕೊಚ್ಚಿ ಒಯ್ದಾಗ ಗುಂಡುಗಳು ಇದ್ದಲ್ಲೇ ಒಂದರ ಮೇಲೊಂದು ಕುಳಿತುಬಿಟ್ಟುವು. ಇವು ಎಲ್ಲಿಂದಲೂ ಉರುಳಿ ಬಂದುವಲ್ಲ. ಸುತ್ತಲಿನದು ಹೋಗಿ ಉಳಿದುಕೊಂಡುವು.

ಈ ಶಿಲೆಗೆ ಇನ್ನೊಂದು ಗುಣವುಂಟು: ಈರುಳ್ಳಿಯ ಸಿಪ್ಪೆಯಂತೆ ಅದು ಪದರಪದರವಾಗಿ ಏಳುತ್ತದೆ. ಗಂಗಾವತಿಗೆ ಹತ್ತು ಕಿಲೋಮೀಟರುಗಳಷ್ಟು ದೂರದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನರು ಇಂಥ ಪದರಗಳನ್ನೇ ಎಬ್ಬಿಸಿ ನಿಲ್ಲಿಸಿ ಕಲ್ಮನೆಗಳನ್ನು ಕಟ್ಟಿದರು. ಅಂಥ ನೂರಾರು ಸ್ಮಾರಕಗಳು ಇಂದಿಗೂ ಅಲ್ಲಿವೆ. ಕೆಲವಕ್ಕೆ ಗೋಡೆಯಲ್ಲಿ ದುಂಡು ಕಿಂಡಿ. ಬಡಿದರೆ ನಗಾರಿಯಂತೆ ಮೊಳಗುವ ಒಂದು ಬಂಡೆಯೂ ಅಲ್ಲಿದೆ. ಅದೇ ಸೀಮೆಯ ಇಟಗಿಯಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಗುಡಿ ಕಟ್ಟಿಸಿದಾಗ ಶಿಲ್ಪಿಗಳು ಕಣಶಿಲೆಯನ್ನು ಬಿಟ್ಟು ಮೃದುವಾದ ಬಳಪದ ಜಾತಿಯ ಕಲ್ಲನ್ನು ಆಯ್ದುಕೊಂಡರು. ಶಾಸನವು 'ದೇವಾಲಯ ಚಕ್ರವರ್ತಿ' ಎಂದು ಹೊಗಳಿದ ಆ ಗುಡಿಯ ಸೂಕ್ಷ್ಮ ಕೆತ್ತನೆಗೆ ಕಲ್ಲಿನ ಮೃದುತ್ವವೂ ಒಂದು ಕಾರಣ.

ಕಲ್ಲು ಕೊಳೆತು ಮಣ್ಣಾಗುತ್ತದೆಂದೆವು. ಇಳಿಜಾರಿನಲ್ಲಿ ನೀರು ನಿಲ್ಲದೆ ಹರಿದುಹೋಗುವಲ್ಲಿ ಸುಣ್ಣದಂಶ ತೊಳೆದುಹೋಗಿ ಕಬ್ಬಿಣದ ಭಸ್ಮ ಉಳಿದು ಮಣ್ಣು ಕೆಂಪಾಗುತ್ತದೆ. ಇದು ಮಸಾರಿ ಭೂಮಿ. ತಗ್ಗಿನ ಬಯಲಿನಲ್ಲಿ, ಮಳೆ ಕಡಮೆಯಾಗಿ ಸುಣ್ಣದಂಶ ತೊಳೆದುಹೋಗದೆ ನಿಂತಲ್ಲಿ, ಬಹಳ ನುಣುಪಾದ ಕಣಗಳ ಕರಿಯ ಜೇಡಿಮಣ್ಣು ಕೂಡುತ್ತದೆ. ಇದು ಎರೆಭೂಮಿ. ಯಲಬುರ್ಗಿ ಮತ್ತು ಕುಷ್ಟಗಿಯ ಬಯಲುಗಳಲ್ಲಿ ಈ ಎರೆ ವಿಶೇಷವಾಗಿ ಹಬ್ಬಿದೆ.

ಎರೆಯೊಡಲಿನ ನೀರು

ಸಹ್ಯಾದ್ರಿಯ ಮರೆಯಲ್ಲಿರುವ ಈ ಸೀಮೆಗೆ ವರ್ಷದಲ್ಲಿ ಬೀಳುವ ಮಳೆ 600 ಮಿಲಿಮೀಟರುಗಳ ಆಸುಪಾಸು. ಅದೂ ಒಂದೇ ಸಮನಾಗಿ ಬೀಳುವುದಿಲ್ಲ. ಹೆಚ್ಚಿನ ಪಾಲು ಸೆಪ್ಟೆಂಬರಿನಲ್ಲೂ ಅದರ ಹಿಂದುಮುಂದಿನ ವಾರಗಳಲ್ಲೂ ಬರುತ್ತದೆ. ಆದುದರಿಂದ ಮಳೆ ನಿಂತ ಮೇಲೆ ಬೆಳೆ ಬೆಳೆಯಬೇಕು. ಕೇಳಲು ಇದು ವಿಚಿತ್ರವಾಗಿ ತೋರಿದರೂ ಹಿಂಗಾರಿ ಜೋಳದ ಕ್ರಮವೇ ಇದು.

ಎರೆಯ ಕಣಗಳು ತೆಳ್ಳನೆಯ ಹಾಳೆಗಳ ಕಟ್ಟಿನಂತಿವೆ. ನೀರು ಹಾಳೆಗಳ ನಡುವೆ ಹೊಕ್ಕು ಅವನ್ನು ಅಗಲಿಸುತ್ತದೆ; ಮಣ್ಣು ಉಬ್ಬುತ್ತದೆ. ಒಣಗಿದಾಗ ಮತ್ತೆ ಕುಗ್ಗಿ ಕಾಲು ತೂರುವಷ್ಟು ಅಗಲದ ಬಿರುಕು ಬಿಡುತ್ತದೆ. ಮೊದಲ ಮಳೆ ಬಂದಾಗ ಈ ಬಿರುಕುಗಳ ದಾರಿಯಿಂದಲೇ ನೀರು ಆಳಕ್ಕೆ ಇಳಿಯುವುದು. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುವುದು. ಹೀಗೆ ಎರೆಯು ತಾನೇ ಒಂದು ಜಲಾಶಯ. ರೈತನು ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ ಬಿಟ್ಟು, ಹರಗಿ ಹರಗಿ ಮೇಲ್ಮಣ್ಣನ್ನು ಹುಡಿಮಾಡುತ್ತಾನೆ. ಈ ಹುಡಿಮಣ್ಣು ಕೆಳಗಿನ ತೇವ ಆರಿಹೋಗದಂತೆ ಹೊದಿಕೆಯಾಗುತ್ತದೆ. ಸೆಪ್ಟೆಂಬರು, ಅಕ್ಟೋಬರುಗಳಲ್ಲಿ ಬಿತ್ತಿದ ಜೋಳ ಆ ತೇವವನ್ನೇ ಕುಡಿಯುತ್ತ, ಚಳಿಗಾಲದ ಇಬ್ಬನಿಯಲ್ಲಿ ಬೆಳೆದು, ಫೆಬ್ರವರಿ ಮಾರ್ಚಿನ ವೇಳೆಗೆ ಕೊಯ್ಲಿಗೆ ಬರುತ್ತದೆ.

ಇಂಥ ಬಾಳಿಗೆ ಜೋಳದ ಸಸ್ಯ ಹೇಳಿ ಮಾಡಿಸಿದಂತಿದೆ. ಅದರ ಎಲೆಯ ಮೇಲೆ ಮೇಣದ ಬಿಳಿಯ ಲೇಪವುಂಟು. ನೀರು ಸಾಲದಾದಾಗ ಎಲೆ ಸುರುಳಿಯಾಗಿ ಬಿಸಿಲಿಗೆ ಒಡ್ಡುವ ಮೈಯನ್ನು ಕಡಮೆಮಾಡಿಕೊಳ್ಳುತ್ತದೆ. ಬರ ಬಂದರೆ ಬೆಳವಣಿಗೆಯನ್ನು ನಿಲ್ಲಿಸಿ ಕಾದಿದ್ದು, ಮಳೆ ಬಂದಾಗ ಮತ್ತೆ ಚಿಗುರುತ್ತದೆ. ಗಾಳಿಯಿಂದ ಇಂಗಾಲವನ್ನು ಹಿಡಿಯುವಲ್ಲಿ ಭತ್ತಕ್ಕಿಲ್ಲದ ಒಂದು ಚಾತುರ್ಯವೂ ಇದಕ್ಕುಂಟು: ಎಲೆಯ ರಂಧ್ರಗಳನ್ನು ಸ್ವಲ್ಪವೇ ತೆರೆದು ಬೇಕಾದಷ್ಟು ಇಂಗಾಲವನ್ನು ಸಂಪಾದಿಸಬಲ್ಲುದು. ರಂಧ್ರ ಕಡಮೆ ತೆರೆದಷ್ಟೂ ಆವಿಯಾಗಿ ಹೋಗುವ ನೀರು ಕಡಮೆ. ಉತ್ತರ ಕರ್ನಾಟಕ, ಮಹಾರಾಷ್ಟ್ರಗಳ ಎರೆಹೊಲಗಳಲ್ಲಿ ಪ್ರಸಿದ್ಧವಾದ ಮಾಲದಂಡಿ ಜೋಳದ 'ಎಂ 35-1' ಎಂಬ ತಳಿಯನ್ನು ಸೊಲ್ಲಾಪುರದ ಬಳಿಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದರು. ಬಳಿಕ ಹೊಸ ತಳಿಗಳು ಎಷ್ಟೋ ಬಂದರೂ, ರೊಟ್ಟಿಯ ರುಚಿಗೂ ದನಗಳ ಕಣಿಕೆಗೂ ರೈತರು ಅದನ್ನು ಬಿಟ್ಟುಕೊಟ್ಟಿಲ್ಲ.

ಬೆಳೆದ ಜೋಳವನ್ನು ಹಿಂದೆ ಹಗೇವುಗಳಲ್ಲಿ ತುಂಬುತ್ತಿದ್ದರು. ನೆಲದೊಳಗೆ ತೋಡಿದ ಈ ಕಣಜದ ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿದ ಮೇಲೆ ಕಾಳು ಮತ್ತು ಅದರಲ್ಲಿದ್ದ ಹುಳುಗಳು ಉಸಿರಾಡುತ್ತ ಒಳಗಿನ ಆಮ್ಲಜನಕವನ್ನು ಮುಗಿಸುತ್ತವೆ. ಅಂಗಾರಾಮ್ಲ ವಾಯು ತುಂಬಿ ಹುಳುಗಳು ಸಾಯುತ್ತವೆ. ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಗೇವನ್ನು ತೆರೆದ ಕೂಡಲೆ ಒಳಗಿಳಿಯಬಾರದೆಂಬ ಹಿರಿಯರ ಕಟ್ಟಪ್ಪಣೆ ಕೇವಲ ಅಂಜಿಕೆಯ ಮಾತಲ್ಲ. ಆ ಗಾಳಿಯಲ್ಲಿ ಮನುಷ್ಯನೂ ಬದುಕಲಾರ.

ರೊಟ್ಟಿ ತಟ್ಟುವ ಕೌಶಲ

ಗೋಧಿಯ ಹಿಟ್ಟನ್ನು ನೀರಿನಲ್ಲಿ ನಾದಿದರೆ ಅದರ ಸಸಾರಜನಕ ವಸ್ತುಗಳು ಹೆಣೆದುಕೊಂಡು ರಬ್ಬರಿನಂಥ ಜಾಲವಾಗುತ್ತದೆ. ಜೋಳದಲ್ಲಿ ಈ ಅಂಟು ಇಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಲಟ್ಟಿಸಿದರೆ ಒಡೆಯುತ್ತದೆ. ಈ ಕೊರತೆಯನ್ನು ನಮ್ಮ ಹೆಣ್ಣುಮಕ್ಕಳು ಎಸರಿನಿಂದ ತುಂಬಿಕೊಂಡರು. ಕುದಿಯುವ ನೀರು ಬಿದ್ದ ಹಿಟ್ಟಿನಲ್ಲಿ ಪಿಷ್ಟದ ಕಣಗಳು ಸ್ವಲ್ಪ ಭಾಗ ಉಬ್ಬಿ ಒಡೆದು ಗಂಜಿಯಾಗುತ್ತವೆ. ಆ ಗಂಜಿಯೇ ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ನಾದಿ, ಅಂಗೈಯಿಂದ ತಿರುಗಿಸುತ್ತ ತಟ್ಟಿ, ಹಂಚಿಗೆ ಹಾಕಿದ ಕೂಡಲೆ ಮೇಲ್ಮೈಗೆ ನೀರು ಸವರುತ್ತಾರೆ. ಸಡಿಲವಾದ ಹಿಟ್ಟು ಆ ನೀರಿನಲ್ಲಿ ಬೆಂದು ಹೊರಪದರ ಬಿರಿಯದಂತೆ ಕೂಡಿಕೊಳ್ಳುತ್ತದೆ. ಮುಂದೆ ಒಳಗಿನ ನೀರು ಆವಿಯಾಗಿ ಎರಡು ಪದರಗಳನ್ನು ಬೇರ್ಪಡಿಸಿ ರೊಟ್ಟಿಯನ್ನು ಉಬ್ಬಿಸುತ್ತದೆ.

ಬಿಸಿಯಾಗಿ ತಿನ್ನುವುದು ಒಂದು ಬಗೆ. ಸಣ್ಣ ಉರಿಯಲ್ಲಿ ಇನ್ನೂ ಒಣಗಿಸಿ ಇಡುವ ಖಡಕ್ ರೊಟ್ಟಿ ಇನ್ನೊಂದು ಬಗೆ. ಬೂಷ್ಟಿನ ಬೀಜಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ; ಆದರೆ ಮೊಳೆಯಲು ಅವಕ್ಕೆ ನೀರು ಬೇಕು. ಖಡಕ್ ರೊಟ್ಟಿಯಲ್ಲಿ ಅವಕ್ಕೆ ದಕ್ಕುವಷ್ಟು ನೀರು ಉಳಿದಿರುವುದಿಲ್ಲ. ಗವಿಮಠದ ರೊಟ್ಟಿಯ ರಾಶಿ ವಾರಗಟ್ಟಲೆ ಕೆಡದಿರುವ ಗುಟ್ಟು ಇಷ್ಟೇ. ಒಣಹವೆಯ ನಾಡಿನಲ್ಲಿ ಮಾತ್ರ ಇದು ಸುಲಭಸಾಧ್ಯ; ಕರಾವಳಿಯ ತೇವದಲ್ಲಿ ಅದೇ ರೊಟ್ಟಿ ಎರಡು ದಿನಗಳಲ್ಲಿ ಮೆತ್ತಗಾದೀತು.

ತಟ್ಟೆಯ ಸಂಗಡಿಗರು

ಆದರೆ ಬರಿಯ ರೊಟ್ಟಿ ಊಟವಲ್ಲ. ಎಳ್ಳಮಾವಾಸ್ಯೆಯ ದಿನ ಎರೆಯ ಹೊಲಕ್ಕೆ ಚರಗ ಚೆಲ್ಲಲು ಹೋಗುವ ಬುತ್ತಿಯನ್ನು ಬಿಚ್ಚಿ ನೋಡಿ. ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚಿದೆ. ಬದನೆಕಾಯಿಯ ಎಣ್ಣೆಗಾಯಿ, ಹುಳಿಹುಳಿಯಾದ ಪುಂಡಿಪಲ್ಯ, ಮಡಕೆಕಾಳಿನ ಉಸುಳಿ, ಕಡಲೆಹಿಟ್ಟಿನ ಝುಣಕ, ಗುರೆಳ್ಳು, ಅಗಸಿ, ಶೇಂಗಾಗಳ ಹಿಂಡಿ, ಕೆನೆಮೊಸರು, ಶೇಂಗಾ ಹೋಳಿಗೆ. ರುಚಿಗಾಗಿ ಕೂಡಿಸಿದ ಈ ಸಂಗಡಿಗರ ಬೆಲೆ ಎಷ್ಟೆಂಬುದನ್ನು ತಿಳಿಯಲು ಸ್ವಲ್ಪ ಹೊತ್ತು ಇಟಲಿಗೆ ಹೋಗಿ ಬರಬೇಕು.

ಅಮೆರಿಕದಿಂದ ಬಂದ ಮೆಕ್ಕೆಜೋಳ ಹದಿನೆಂಟನೆಯ ಶತಮಾನದ ವೇಳೆಗೆ ಉತ್ತರ ಇಟಲಿಯ ಬಡ ರೈತರ ಮುಖ್ಯ ಆಹಾರವಾಗಿತ್ತು. ಅದರ ಹಿಟ್ಟನ್ನು ಕುದಿಸಿ ಮಾಡುವ 'ಪೊಲೆಂಟಾ' ಎಂಬ ಮುದ್ದೆಯನ್ನೇ ಅವರು ಮೂರು ಹೊತ್ತೂ ಉಣ್ಣುತ್ತಿದ್ದರು. ಕೂಡಿಸಿಕೊಳ್ಳಲು ಮಾಂಸವಿಲ್ಲ, ಹಾಲಿಲ್ಲ. ವಸಂತದ ಬಿಸಿಲು ಏರಿದಾಗ ಅವರ ಕೈ ಕತ್ತುಗಳ ತೊಗಲು ಒರಟಾಗಿ ಸುಲಿಯತೊಡಗಿತು, ಭೇದಿ ಹತ್ತಿತು, ಕಡೆಗೆ ಬುದ್ಧಿಭ್ರಮೆಯಾಗಿ ಎಷ್ಟೋ ಜನ ಆಸ್ಪತ್ರೆಗಳಲ್ಲಿ ಸತ್ತರು. 1771ರಲ್ಲಿ ಮಿಲಾನಿನ ಫ್ರಪೋಲಿ ಎಂಬ ವೈದ್ಯನು ಈ ರೋಗವನ್ನು ಜನರ ಬಾಯಿಯಲ್ಲಿದ್ದ ಮಾತಿನಿಂದಲೇ 'ಪೆಲಾಗ್ರ' ಎಂದು ಕರೆದನು. ಒರಟು ತೊಗಲು ಎಂದು ಅದರ ಅರ್ಥ. ಇದು ಅಂಟುರೋಗವೆಂದು ಕೆಲವರು, ಕೆಟ್ಟ ಕಾಳಿನ ನಂಜೆಂದು ಕೆಲವರು ವಾದಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಗೋಲ್ಡ್‌ಬರ್ಗರ್ ಇದು ಆಹಾರದ ಕೊರತೆಯಿಂದ ಬರುವುದೆಂದು ತೋರಿಸಿದನು. ಕೊರತೆಯಾದ ವಸ್ತು ನಿಕೋಟಿನಿಕ್ ಆಮ್ಲವೆಂಬ ಜೀವಸತ್ವವೆಂದು 1937ರಲ್ಲಿ ಎಲ್ವೆಜೆಮ್ ಮತ್ತು ಅವನ ಸಂಗಡಿಗರು ಕಂಡುಕೊಂಡರು.

ಈ ರೋಗವು ಮೆಕ್ಕೆಜೋಳವನ್ನು ಉಣ್ಣದ ದಖ್ಖಣದಲ್ಲಿಯೂ ಕಾಣಿಸಿತು. ಹೈದರಾಬಾದಿನ ಪೋಷಣ ಸಂಶೋಧನಾಲಯದಲ್ಲಿ ಡಾಕ್ಟರ್ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಸುಮಾರಿಗೆ ಇದನ್ನು ಕುರಿತು ಅಭ್ಯಾಸ ಮಾಡಿದರು. ರೋಗಿಗಳು ಜೋಳವನ್ನೇ ನಂಬಿದ ಬಡವರು. ಜೋಳದ ಸಸಾರಜನಕದಲ್ಲಿ ಲ್ಯೂಸಿನ್ ಎಂಬ ಘಟಕ ಹೆಚ್ಚಾಗಿರುವುದರಿಂದ ದೇಹವು ಆ ಜೀವಸತ್ವವನ್ನು ಸರಿಯಾಗಿ ಬಳಸಲಾರದೆಂದು ಅವರು ಸೂಚಿಸಿದರು. ಈ ವಿವರಣೆಯ ಬಗೆಗೆ ಮುಂದೆ ಚರ್ಚೆ ನಡೆದುದುಂಟು; ಆದರೆ ಒಂದೇ ಧಾನ್ಯವನ್ನು ಬರಿದಾಗಿ ಉಣ್ಣುವುದು ಅಪಾಯವೆಂಬುದರಲ್ಲಿ ಚರ್ಚೆಯಿಲ್ಲ.

ಈಗ ಮತ್ತೆ ನಮ್ಮ ಬುತ್ತಿಯನ್ನು ನೋಡಿ. ಶೇಂಗಾ ನಿಕೋಟಿನಿಕ್ ಆಮ್ಲದ ಒಳ್ಳೆಯ ಆಕರ. ಜೋಳದಲ್ಲಿ ಕೊರತೆಯಾದ ಲೈಸಿನ್ ಎಂಬ ಘಟಕವನ್ನು ಹೆಸರು, ಕಡಲೆ, ಮಡಕೆಗಳು ತುಂಬಿಕೊಡುತ್ತವೆ. ಪುಂಡಿಯ ಸೊಪ್ಪು ಸಿ ಜೀವಸತ್ವವನ್ನೂ, ಎಳ್ಳು ಸುಣ್ಣದಂಶವನ್ನೂ, ಅಗಸಿಯು ದೇಹ ತಾನೇ ತಯಾರಿಸಲಾರದ ಒಂದು ಬಗೆಯ ಎಣ್ಣೆಯನ್ನೂ ಕೊಡುತ್ತವೆ. ಹಿಂಡಿಯನ್ನು ರೊಟ್ಟಿಗೆ ಹಚ್ಚಿದ ಅಜ್ಜಿಗೆ ಈ ಹೆಸರುಗಳು ತಿಳಿದಿರಲಿಲ್ಲ. ರೊಟ್ಟಿ ತಟ್ಟೆಯಲ್ಲಿ ಉಳಿದು ಹಿಂಡಿ, ಕಾಳು, ಮೊಸರು ಹೋದ ಮನೆಗೆ ಮಾತ್ರ ರೋಗ ಬಂದಿತು. ಬಡತನವು ಮೊದಲು ಕಸಿದುಕೊಳ್ಳುವುದು ಸಂಗಡಿಗರನ್ನೇ.

ಈ ಸಂಗಡಿಗರಲ್ಲಿ ಯಾರು ಹಳಬರು, ಯಾರು ಹೊಸಬರು? ಬಳ್ಳಾರಿಯ ಬಳಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟುಳಿದ ಕಾಳುಗಳನ್ನು ಪರೀಕ್ಷಿಸಿದವರು ಹೆಸರು, ಹುರುಳಿ ಮತ್ತು ಕಿರುಧಾನ್ಯಗಳನ್ನು ಕಂಡಿದ್ದಾರೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಈ ಸೀಮೆಯ ಊಟ ಅದು. ಜೋಳ ಆಫ್ರಿಕದಿಂದ ಬಂದ ನೆಂಟ. ಶೇಂಗಾ, ಮೆಣಸಿನಕಾಯಿಗಳು ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದವು. ವೆನಿಸಿನ ವರ್ತಕ ನಿಕೊಲೊ ಕೊಂತಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದಾಗ ನಮ್ಮ ತಟ್ಟೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಅವನ ತಟ್ಟೆಯಲ್ಲಿ ಟೊಮೆಟೊ ಆಗಲಿ ಮೆಕ್ಕೆಜೋಳವಾಗಲಿ ಇರಲಿಲ್ಲ. ಯಾವುದನ್ನು ನಾವು ಅನಾದಿಯೆನ್ನುತ್ತೇವೆಯೋ ಅದೂ ಒಂದು ದಿನ ಹೊಸದಾಗಿಯೇ ಬಂದುದು.

ಹುಳಿಯುವ ಪಾನೀಯಗಳು

ದ್ರಾಕ್ಷಿಯ ನಾಡುಗಳಲ್ಲಿ ದ್ರಾಕ್ಷಾರಸಕ್ಕೆ ಇರುವ ಸ್ಥಾನ ಎರೆಯ ನಾಡಿನಲ್ಲಿ ಅಂಬಲಿಗೆ, ಮಜ್ಜಿಗೆಗೆ. ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟರೆ ಗಾಳಿಯಲ್ಲೂ ಹಿಟ್ಟಿನಲ್ಲೂ ಇರುವ ಸೂಕ್ಷ್ಮಜೀವಿಗಳು ಅದನ್ನು ಹುಳಿಮಾಡುತ್ತವೆ. ಬೆಳಗ್ಗೆ ಕುದಿಸಿ, ಮಜ್ಜಿಗೆ, ಉಪ್ಪು, ಜೀರಿಗೆ ಕೂಡಿಸಿ ಕುಡಿದರೆ ಬೇಸಗೆಯ ಬಿಸಿಲಿಗೆ ಅದೇ ಅಮೃತ. ಈ ಹುಳಿ ಹಾಲಿನ ಹುಳಿಯೇ. ಅದು ಕೆಡುಕು ಮಾಡುವ ಜೀವಿಗಳನ್ನು ತಡೆಯುತ್ತದೆ. ಕಾಳಿನಲ್ಲಿ ಕಬ್ಬಿಣ, ಸತುವುಗಳನ್ನು ಬಿಗಿಹಿಡಿದಿರುವ ವಸ್ತುವನ್ನು ಒಡೆದು ಅವು ದೇಹಕ್ಕೆ ದಕ್ಕುವಂತೆ ಮಾಡುತ್ತದೆ.

ಮದ್ಯದ ದಾರಿಯನ್ನು ಹಿಡಿಯುವುದು ಈಚಲಿನ ರಸ. ಮರವನ್ನು ಕೊರೆದಾಗ ಒಸರುವ ರಸ ಸಿಹಿ ನೀರು. ಅದರ ಸಕ್ಕರೆಯನ್ನು ಹುದುಗಿನ ಜೀವಿಗಳು ಕೆಲವೇ ಗಂಟೆಗಳಲ್ಲಿ ಮದ್ಯಸಾರವನ್ನಾಗಿಯೂ ನೊರೆಯೆಬ್ಬಿಸುವ ವಾಯುವನ್ನಾಗಿಯೂ ಒಡೆಯುತ್ತವೆ. ಇನ್ನೂ ಬಿಟ್ಟರೆ ಬೇರೊಂದು ಬಗೆಯ ಜೀವಿಗಳು ಮದ್ಯಸಾರವನ್ನು ಹುಳಿಯಾಗಿಸುತ್ತವೆ. ದ್ರಾಕ್ಷಿಯ ರಸ ದ್ರಾಕ್ಷಾರಸವಾಗುವುದೂ ಇದೇ ಕ್ರಿಯೆಯಿಂದ. ಆದರೆ ದ್ರಾಕ್ಷಾರಸ ವರ್ಷಗಟ್ಟಲೆ ಇರಬಲ್ಲುದು; ಸೇಂದಿ ಒಂದು ಹಗಲಿನದು. ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಅಬಕಾರಿ ಹುಟ್ಟುವಳಿಯಲ್ಲಿ ಸೇಂದಿ ದೊಡ್ಡ ಬಾಬಾಗಿತ್ತು. ಭಟ್ಟಿಯಿಳಿಸಿದ ಸಾರಾಯಿ ಕೂಲಿಕಾರರ ಮನೆಗಳಿಗೆ ಮಾಡಿದ ಕೇಡು ಎಲ್ಲರೂ ಬಲ್ಲುದೇ. 2007ರಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು.

ನದಿ ತಂದ ಅನ್ನ

ಭತ್ತದ ಒಂದು ಬೆಳೆಗೆ, ಗದ್ದೆಯಲ್ಲಿ ಇಂಗುವುದೂ ಸೇರಿ, ಸಾವಿರ ಮಿಲಿಮೀಟರಿಗೂ ಮಿಗಿಲಾದ ನೀರು ಬೇಕು. ಇಲ್ಲಿಯ ಇಡೀ ವರ್ಷದ ಮಳೆ ಅದರ ಮುಕ್ಕಾಲು ಪಾಲೂ ಇಲ್ಲ. ಆದುದರಿಂದ ಗಂಗಾವತಿಯ ಅನ್ನ ಗಂಗಾವತಿಯ ಮಳೆಯಿಂದ ಆದುದಲ್ಲ. ಮಲೆನಾಡಿನ ಮಳೆಯನ್ನು ತುಂಗಭದ್ರೆ ಹೊತ್ತು ತಂದುದರಿಂದ ಆದುದು.

ಈ ನೀರನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತಿರುಗಿಸಿಕೊಂಡವರು ವಿಜಯನಗರದ ಅರಸರ ಕಾಲದ ಕಾಲುವೆಗಾರರು. ನದಿಯ ಬಂಡೆಗಳ ನಡುವಿನ ಸಂದುಗಳನ್ನು ದೊಡ್ಡ ಕಲ್ಲುಗಳಿಂದ ಮುಚ್ಚಿ ಅವರು ಅಣೆಗಳನ್ನು ಕಟ್ಟಿದರು. ನದಿಯನ್ನು ಪೂರ್ತಿ ತಡೆಯದೆ, ಅದರ ಮಟ್ಟವನ್ನು ಅಷ್ಟಿಷ್ಟು ಎತ್ತರಿಸಿ, ಒಂದು ಪಾಲನ್ನು ಕಾಲುವೆಗೆ ಸೇದಿಕೊಂಡರು. ಎಡದಂಡೆಯ ಹುಲಗಿ, ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳು ಆ ಪರಂಪರೆಯವು.

ಎರಡನೆಯ ದೊಡ್ಡ ಪ್ರಯತ್ನ ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟು. ಹೈದರಾಬಾದು ಮತ್ತು ಮದರಾಸು ಸರ್ಕಾರಗಳು ಕೂಡಿ 1945ರಲ್ಲಿ ಕೆಲಸವನ್ನು ಆರಂಭಿಸಿದುವು. 1953ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಈ ಕಲ್ಲುಕಟ್ಟಡಕ್ಕೆ ಸುಣ್ಣ ಮತ್ತು ಸುಟ್ಟ ಮಣ್ಣಿನ ಪುಡಿಯಾದ ಸುರ್ಕಿ ಬೆರೆತ ಗಾರೆಯನ್ನು ಬಳಸಿದರು. ಪ್ರಾಚೀನ ರೋಮನರು ಪೊತ್ಸುವೋಲಿಯ ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರಸಿ ಕಡಲಿನಲ್ಲೂ ಕರಗದ ಗಾರೆಯನ್ನು ಮಾಡಿದ್ದು ಇದೇ ರಾಸಾಯನಿಕ ಕ್ರಿಯೆಯಿಂದ. ಬೆಂಕಿಯಲ್ಲಿ ಬೆಂದ ಜೇಡಿಯ ಅಂಶ ಸುಣ್ಣದೊಡನೆ ಕೂಡಿ ನೀರಿನಲ್ಲೇ ಗಟ್ಟಿಯಾಗುತ್ತದೆ.

ಯೋಜನೆಯನ್ನು ರೂಪಿಸಿದವರು ಎಡದಂಡೆಯ ನೀರಿನ ಬಹುಪಾಲನ್ನು ಜೋಳ, ಹತ್ತಿ, ಶೇಂಗಾಗಳಂಥ ಕಡಮೆ ನೀರಿನ ಬೆಳೆಗಳಿಗೆ ಗೊತ್ತುಮಾಡಿದ್ದರು. ಬರವನ್ನು ತಡೆಯುವುದು ಅವರ ಉದ್ದೇಶ. ಆದರೆ ಭತ್ತವನ್ನು ಬಲ್ಲ ರೈತರು ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳನ್ನು ಕಟ್ಟಿ ನೆಲೆಸಿದರು. ನೋಡಿ ಕಲಿತ ಇಲ್ಲಿಯವರೂ ಭತ್ತಕ್ಕೆ ಇಳಿದರು. ಗಂಗಾವತಿ ಭತ್ತದ ಕಣಜವೆನಿಸಿತು. ಅಲ್ಲಿಯ ಸಂಶೋಧನಾ ಕೇಂದ್ರದಿಂದ 'ಗಂಗಾವತಿ ಸೋನಾ' ಎಂಬ ತಳಿಯೂ ಹೊರಬಂದಿತು.

ಅಕ್ಕಿಯ ನಾಡು ಜೋಳದ ನಾಡಿಗೆ ಕಳಿಸಿದ ಪ್ರೀತಿಯ ಉಡುಗೊರೆ ಮಂಡಾಳು. ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸಿದಾಗ ಅಕ್ಕಿಯ ಪಿಷ್ಟ ಗಾಜಿನಂತೆ ಬಿಗಿಯಾಗುತ್ತದೆ. ಉಪ್ಪುನೀರು ಹಾಕಿ ಹದಮಾಡಿ, ಕಾದ ಮರಳಿನಲ್ಲಿ ಎಸೆದರೆ ಕಾಳಿನೊಳಗಣ ಅಲ್ಪಸ್ವಲ್ಪ ನೀರು ಕ್ಷಣದಲ್ಲಿ ಆವಿಯಾಗಿ, ಹೊರಬರಲು ದಾರಿ ಕಾಣದೆ, ಮೆತ್ತಗಾದ ಪಿಷ್ಟವನ್ನು ಹಲವು ಪಟ್ಟು ಉಬ್ಬಿಸುತ್ತದೆ. ಕೊಪ್ಪಳದಿಂದ ಕುಷ್ಟಗಿಯವರೆಗೆ ಯಾವ ಸಂತೆಗೆ ಹೋದರೂ ಬೆಳಗಿನ ಹೊತ್ತು ಮಂಡಾಳಿನ ಒಗ್ಗರಣೆ ಮತ್ತು ಮಿರ್ಚಿ ಸಿಕ್ಕೇ ಸಿಕ್ಕುತ್ತವೆ. ಅಕ್ಕಿ ನದಿಯದು, ಮಿರ್ಚಿಯ ಕಡಲೆಹಿಟ್ಟು ಎರೆಯದು. ಜಿಲ್ಲೆಯ ಎರಡು ನೆಲಗಳು ಒಂದು ತಟ್ಟೆಯಲ್ಲಿ ಕೂಡುವುದು ಇಲ್ಲಿಯೇ.

ನೀರಿನ ಲೆಕ್ಕ

ಈ ಸಮೃದ್ಧಿಗೆ ಬೆಲೆಯುಂಟು. ಕಾಲುವೆಯ ತಲೆಯಲ್ಲಿರುವವರು ಭತ್ತಕ್ಕೆ ನೀರನ್ನು ನಿಲ್ಲಿಸಿಕೊಂಡರೆ ಬಾಲದಲ್ಲಿರುವ ಹೊಲಗಳಿಗೆ ಜೋಳಕ್ಕೆ ಬೇಕಾದಷ್ಟೂ ತಲುಪುವುದಿಲ್ಲ. ಇನ್ನು ನಿಂತ ನೀರು ಇಳಿದು ನೆಲದಡಿಯ ಜಲಮಟ್ಟವನ್ನು ಮೇಲೆತ್ತುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಸೇದುವಂತೆ ಜೇಡಿಮಣ್ಣು ಆ ನೀರನ್ನು ಮೇಲಕ್ಕೆ ಸೇದುತ್ತದೆ. ಬಿಸಿಲಿಗೆ ನೀರು ಆರಿ ಅದರಲ್ಲಿ ಕರಗಿದ್ದ ಉಪ್ಪು ಹೊಲದ ಮೇಲೆ ಬೆಳ್ಳಗೆ ಉಳಿಯುತ್ತದೆ. ಹೀಗೆ ಸವುಳಾದ ನೆಲ ಈ ಅಚ್ಚುಕಟ್ಟಿನಲ್ಲಿ ಹತ್ತಾರು ಸಾವಿರ ಹೆಕ್ಟೇರುಗಳಷ್ಟಿದೆ. ನೆಲದಡಿಯಲ್ಲಿ ತೂತುಕೊಳವೆಗಳನ್ನು ಹೂತು ಉಪ್ಪುನೀರನ್ನು ಬಸಿದು ಹೊರಹಾಕುವುದು ಇದಕ್ಕೆ ಮದ್ದು. ಆದರೆ ಅದು ದುಬಾರಿಯ ಮದ್ದು. ನೀರನ್ನು ಹಿತಮಿತವಾಗಿ ಕಟ್ಟುವುದೇ ಅಗ್ಗದ ಪಥ್ಯ.

ಜಲಾಶಯವೂ ಕುಗ್ಗುತ್ತಿದೆ. ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಅದರ ಒಡಲಿನಲ್ಲಿ ಹೂಳು ತುಂಬಿ ಈಗ ಸುಮಾರು 106 ಟಿ.ಎಂ.ಸಿ.ಗೆ ಮಾತ್ರ ಎಡೆಯಿದೆ. ಕಳೆದುಹೋದ 27 ಟಿ.ಎಂ.ಸಿ. ಎಂದರೆ ಸುಮಾರು 76 ಕೋಟಿ ಘನಮೀಟರು. ಒಂದು ಹೆಕ್ಟೇರು ಭತ್ತಕ್ಕೆ 12,000 ಘನಮೀಟರು ಬೇಕೆಂದು ಹಿಡಿದರೆ, ಕಾಲುವೆಯ ಸೋರಿಕೆಯನ್ನು ಬಿಟ್ಟೂ, ಅರುವತ್ತು ಸಾವಿರ ಹೆಕ್ಟೇರುಗಳಿಗೂ ಮಿಗಿಲಾದ ಗದ್ದೆಯ ನೀರು ಇದು. ಅದೇ ನೀರು ಜೋಳಕ್ಕಾದರೆ ಎರಡು ಪಟ್ಟಿಗೂ ಹೆಚ್ಚು ನೆಲಕ್ಕೆ ಸಾಕಾದೀತು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಣಿ ಕಡಿದು ಬಾಗಿಲೇ ಕೊಚ್ಚಿಹೋಯಿತು. ಆಗ ಜಲಾಶಯ ತುಂಬಿತ್ತು. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಭಾರವನ್ನು ಇಳಿಸಲು ಉಳಿದ ಬಾಗಿಲುಗಳನ್ನೂ ತೆರೆದು, ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ಕಂಡಿಯನ್ನು ಮುಚ್ಚಲು ಒಂದು ವಾರ ಹಿಡಿಯಿತು. ಆ ವಾರ ಗಂಗಾವತಿ, ಕಾರಟಗಿಗಳ ರೈತರು ನಿದ್ದೆ ಮಾಡಲಿಲ್ಲ. ತಮ್ಮ ಅನ್ನ ಒಂದು ಸರಪಣಿಯ ಕೊಂಡಿಗೆ ತೂಗಿಕೊಂಡಿರುವುದು ಎಲ್ಲರಿಗೂ ಅಂದು ಕಣ್ಣಿಗೆ ಕಟ್ಟಿತು.

ಎರೆಯ ರೈತನಿಗೆ ಈ ಭಯವಿಲ್ಲ. ಅವನ ಜಲಾಶಯ ಕಾಲ ಕೆಳಗಿದೆ. ಅವನಿಗಿರುವ ಭಯ ಬೇರೆ. ಮಳೆ ತಪ್ಪಿದರೆ ಅವನಿಗೆ ಕಾಲುವೆಯ ಆಸರೆಯಿಲ್ಲ. ಬೆಳೆ ಬಂದರೂ ಜೋಳಕ್ಕೆ ಅಕ್ಕಿಯಷ್ಟು ಮರ್ಯಾದೆಯಿಲ್ಲ. ಅನ್ನ ಉಣ್ಣುವುದು ಸಿರಿವಂತಿಕೆಯ ಗುರುತೆಂದು ಬಹುಕಾಲ ನಂಬಿದ ನಾವು, ಜೋಳ ಹಿಂದೆ ಸರಿದಂತೆಲ್ಲ ಅದರ ಸಂಗಡಿಗರಾದ ಮಡಕೆ, ಗುರೆಳ್ಳು, ಅಗಸಿಗಳೂ ಅಕ್ಕಡಿ ಸಾಲುಗಳಿಂದ ಮರೆಯಾಗುವುದನ್ನು ಗಮನಿಸಲಿಲ್ಲ.

ಹಾಗೆಂದು ಅನ್ನವನ್ನು ಹಳಿದು ರೊಟ್ಟಿಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಬರಗಾಲಗಳಲ್ಲಿ ನದಿಯ ಅನ್ನ ಎಷ್ಟೋ ಜೀವಗಳನ್ನು ಉಳಿಸಿದೆ. ಒಂದೇ ಸೀಮೆಯಲ್ಲಿ ಎರಡು ಊಟಗಳಿರುವುದು ಭಾಗ್ಯ. ಒಂದು ಕೈಬಿಟ್ಟ ವರ್ಷ ಇನ್ನೊಂದು ಹಿಡಿಯುತ್ತದೆ. ಎರಡೂ ಉಳಿಯಬೇಕಾದರೆ ನೀರನ್ನು ಅಳೆದು ಬಳಸಬೇಕು, ಎರೆಯ ಬೆಳೆಗೆ ತಕ್ಕ ಬೆಲೆ ಸಿಗಬೇಕು.

ವಾಚಕರು ಆ ಕಡೆಗೆ ಹೋದಾಗ ಆನೆಗೊಂದಿಯ ಬಂಡೆಗಳನ್ನೂ ಹಿರೇಬೆಣಕಲ್ಲಿನ ಕಲ್ಮನೆಗಳನ್ನೂ ಇಟಗಿಯ ಗುಡಿಯನ್ನೂ ನೋಡಲಿ; ಕಿನ್ನಾಳದಲ್ಲಿ ಹಗುರವಾದ ಮರಕ್ಕೆ ಹುಣಿಸೆಬೀಜದ ಸರಿ ಹಚ್ಚಿ ಬಣ್ಣದ ಗೊಂಬೆಗಳನ್ನು ಮಾಡುವ ಚಿತ್ರಗಾರರ ಕೈಚಳಕವನ್ನು ಕಾಣಲಿ. ಚಳಿಗಾಲದಲ್ಲಿ ಹೋದವರಿಗೆ ಎರೆಹೊಲದ ಬದುವಿನ ಮೇಲೆ ಬೆಂಕಿಯಲ್ಲಿ ಸುಟ್ಟ ಎಳೆಯ ತೆನೆಯ ಸೀತನಿಯೂ ಸಿಗಬಹುದು. ಊಟಕ್ಕೆ ಕುಳಿತಾಗ ಒಂದು ಗಳಿಗೆ ತಟ್ಟೆಯನ್ನು ನೋಡಲಿ. ರೊಟ್ಟಿಯಲ್ಲಿ ಸೆಪ್ಟೆಂಬರಿನಲ್ಲಿ ಬಿದ್ದ ಮಳೆಯಿದೆ, ಅನ್ನದಲ್ಲಿ ಮಲೆನಾಡಿನ ಮಳೆಯಿದೆ. ಎರಡಕ್ಕೂ ಕೆಳಗೆ ಸವೆದು ಮಣ್ಣಾದ 250 ಕೋಟಿ ವರ್ಷಗಳ ಕಲ್ಲಿದೆ.